ನಾಲ್ಕರಲ್ಲಿ ನಾಲ್ಕನೆಯದು

ನಮ್ಮಪ್ಪನಷ್ಟು ಜೋಪಾನದ ಮನುಷ್ಯ ಇನ್ನೊಬ್ಬನಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ಸಂಖ್ಯೆ ಅಂಟಿಸುತ್ತಲೇ ನಿವೃತ್ತಿಯಾದವನು. ಮನೆಗೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಅಡುಗೆಮನೆಯ ಡಬ್ಬಿಗಳಿಗೆ ಚೀಟಿ, ಸ್ವಿಚ್ಚುಗಳಿಗೆ ಚೀಟಿ, ಬೀಗದ ಕೈಗಳಿಗೆ ಚೀಟಿ. ಉಪ್ಪು ಯಾವುದು ಎಂದು ಓದಿ ತಿಳಿದುಕೊಳ್ಳುವ ಗತಿ ಇನ್ನೂ ನಮಗೆ ಬಂದಿಲ್ಲ ಎಂದು ಅಮ್ಮ ಅವನನ್ನು ರೇಗಿಸುತ್ತಿದ್ದಳು. ಅವಳಿಗೆ ದನಿ ಇದ್ದ ಕಾಲದ ಮಾತು ಅದು.

ಅಮ್ಮ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದವಳು. ಗಂಟಲಲ್ಲಿ ಗಂಟು ಕಾಣಿಸಿಕೊಂಡಾಗ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಜೀವ ಉಳಿಸಬಹುದು, ದನಿ ಉಳಿಸಲಾಗದು ಅಂದರು. ಆಪರೇಷನ್ನಿಗೆ ದಿನ ಗೊತ್ತಾದ ಮೇಲೆ ಅವಳ ತಮ್ಮ, ಅಂದರೆ ನನ್ನ ಮಾಮ, ಅವಳನ್ನು ತನ್ನ ರೆಕಾರ್ಡಿಂಗ್ ಕೋಣೆಗೆ ಕರೆದುಕೊಂಡು ಹೋದ. ಅಂಗಡಿ ಮುಂಗಟ್ಟಿನ ಜಾಹೀರಾತುಗಳಿಗೆ ದನಿ ಮುದ್ರಿಸಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದವನು ಅವನು. ನಾಲ್ಕು ಸಂಜೆ ಅಕ್ಕನನ್ನು ಮೈಕಿನ ಮುಂದೆ ಕೂರಿಸಿ ಹಾಡಿಸಿದ. ಸಂಜೆಗೊಂದರಂತೆ ನಾಲ್ಕು ಡಿಸ್ಕು ಮಾಡಿ, ಒಂದು ಪೆಟ್ಟಿಗೆಯಲ್ಲಿಟ್ಟು ಕೊಟ್ಟ. ಆಗ ನಮ್ಮ ಮನೆಯ ಫೋನಿಗೆ ಮಾತನ್ನು ಸಾಗಿಸುವುದಷ್ಟೇ ಬರುತ್ತಿತ್ತು, ಹಿಡಿದಿಡುವುದು ಬರುತ್ತಿರಲಿಲ್ಲ. ಅಮ್ಮನ ದನಿ ಅಂತ ಈ ಭೂಮಿಯ ಮೇಲೆ ಉಳಿದದ್ದು ಆ ಪೆಟ್ಟಿಗೆಯೊಂದೇ.

ಮೊದಲ ಡಿಸ್ಕು ಹಾಡಿನಿಂದ ಶುರುವಾಗುವುದಿಲ್ಲ. "ಶುರು ಮಾಡ್ಲೇನೋ? ಕೆಂಪು ದೀಪ ಹತ್ತಿದೆಯಾ?" ಎಂದು ಅಮ್ಮ ಮಾಮನನ್ನು ಕೇಳುತ್ತಾಳೆ, ಸುಮ್ಮನೆ ನಗುತ್ತಾಳೆ, ಆಮೇಲೆ ಹಾಡುತ್ತಾಳೆ. ನನ್ನನ್ನು ಮಲಗಿಸುತ್ತಿದ್ದ ಹಾಡೂ ಅದರಲ್ಲೇ ಇತ್ತು. ನಡುವೆ ಒಂದು ಸಾಲು ಮರೆತು, "ಅಯ್ಯೋ, ಇದೇ ಜಾಗ ನೋಡು, ಇಲ್ಲಿಗೆ ಬರೋಷ್ಟ್ರಲ್ಲಿ ಅವಳು ಮಲ್ಗಿಬಿಡ್ತಿದ್ಲು, ಮುಂದಿಂದು ಹಾಡಿದ್ದೇ ಇಲ್ಲ" ಅನ್ನುತ್ತಾಳೆ. ಎರಡನೆಯದರಲ್ಲೂ ಮೂರನೆಯದರಲ್ಲೂ ದನಿ ಚೆನ್ನಾಗಿಯೇ ಇತ್ತು. ನಾಲ್ಕನೆಯ ಸಂಜೆಗೆ ಗಂಟಲು ಕೈಕೊಟ್ಟಿತು. ಮಾಮ ಸಾಕು ಅಂದರೂ ಕೇಳದೆ, ನೆನಪಿಗೆ ಬಂದದ್ದನ್ನೆಲ್ಲ ಅರ್ಧರ್ಧ ಹಾಡುತ್ತಾ ಹೋಗಿದ್ದಾಳೆ. ಹಾಗಾಗಿ ನಾಲ್ಕರಲ್ಲಿ ಅತಿ ಹೆಚ್ಚು ಹಾಡುಗಳಿದ್ದದ್ದು ಅದರಲ್ಲೇ. ದನಿ ಮಾತ್ರ ಹರಿದ ಬಟ್ಟೆ. ಮನೆಗೆ ಬಂದವಳೇ, "ಆ ನಾಲ್ಕನೇದು ಇಟ್ಕೋಬೇಡಿ. ಅದು ನಾನಲ್ಲ" ಅಂದಳು. ಸೆಟ್ಟು ಒಡೆಯಬಾರದು ಎಂಬುದು ಅಪ್ಪನ ಧರ್ಮ. ಅವನು ಅದನ್ನೂ ಪೆಟ್ಟಿಗೆಯಲ್ಲೇ ಉಳಿಸಿದ. ಆಮೇಲೆ ವರ್ಷಗಟ್ಟಲೆ ಯಾರೂ ಅದನ್ನು ಹಾಕಿ ಕೇಳಲಿಲ್ಲ.

ಆಪರೇಷನ್ನಾದ ಮೇಲೆ ಅಮ್ಮನ ಬೆಳಗು ಹೀಗೆ ನಡೆಯುತ್ತಿತ್ತು: ಮೊದಲ ಡಿಸ್ಕು ಹಾಕುವುದು, ಕಿಟಕಿಯ ಪಕ್ಕ ಕೂತು ತಲೆ ಬಾಚಿಕೊಳ್ಳುವುದು, ಡಿಸ್ಕಿನ ಜೊತೆ ತುಟಿ ಆಡಿಸುವುದು. ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಅಡುಗೆಮನೆಯಲ್ಲಿರುತ್ತಿದ್ದೆ. ಅಲ್ಲಿಂದ ಕೇಳಿದರೆ ಅಮ್ಮ ಹಾಡುತ್ತಿದ್ದಾಳೆ ಅಂತಲೇ ಅನ್ನಿಸುತ್ತಿತ್ತು. ಅವಳಿಗೂ ಹಾಗೆಯೇ ಅನ್ನಿಸುತ್ತಿತ್ತು ಅಂತ ಕಾಣುತ್ತದೆ. ಉಳಿದ ಹೊತ್ತೆಲ್ಲ ಬೆರಳ ಗೆಣ್ಣಿನಿಂದ ಮೇಜು ಬಡಿಯುವುದೇ ಅವಳ ಮಾತು. ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಬೇಡ.

ವರ್ಷಗಳು ಕಳೆದವು. ಡಿಸ್ಕು ಹಾಕುವ ಯಂತ್ರ ಮೊದಲು ತೊದಲಿತು, ಆಮೇಲೆ ನಿಂತೇಹೋಯಿತು. ರಿಪೇರಿಯವನು ಇದರ ಭಾಗ ಈಗ ಸಿಗಲ್ಲ ಅಂದ. ಅಪ್ಪ ಹಿಗ್ಗಿಬಿಟ್ಟ. ಮನೆಯಲ್ಲಿದ್ದ ಡಿಸ್ಕುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಹಾಡು ಹಾಡಿಗೂ ಹೆಸರು, ಸಂಖ್ಯೆ, ಹಾಡಿದವರು ಯಾರು ಎಂಬುದನ್ನೆಲ್ಲ ತುಂಬಿಸಿ, ಒಂದು ಗ್ರಂಥಾಲಯವನ್ನೇ ಕಟ್ಟುತ್ತೇನೆ ಅಂದ.

"ಮೊದಲು ಅಮ್ಮಂದು ಮಾಡಿ ಕೊಟ್ಬಿಡಪ್ಪ" ಅಂದೆ ನಾನು.

"ಮೊದಲು ಅವಳದೇ ಮಾಡೋದು. ಆದ್ರೆ ಎಲ್ಲ ಮುಗಿದ್ಮೇಲೇ ಕೊಡೋದು. ಅರ್ಧಂಬರ್ಧ ಕೆಲಸ ನನ್ನ ಕೈಲಾಗಲ್ಲ ಪುಟ್ಟಿ."

ಅಮ್ಮ ಮೇಜಿನ ಮೇಲೆ ಒಂದು ಸಲ ಬಡಿದಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಈ ಮನುಷ್ಯನ ಮುಂದೆ ವಾದ ಮಾಡುವುದು ದಂಡ ಎಂಬುದು ಗೊತ್ತಿತ್ತು.

ಅವನು ಕೆಲಸ ಮಾಡಿದ ಕ್ರಮವನ್ನು ಹೇಳಲೇಬೇಕು. ಮೊದಲು ಪರೀಕ್ಷೆಗೆಂದು ಅಮ್ಮನ ಒಂದು ಡಿಸ್ಕನ್ನು ಅವಳ ಹೆಸರಿನ ಫೋಲ್ಡರಿಗೆ ಇಳಿಸಿದ. ಧೂಳಿನಿಂದಾಗಿ ಅಲ್ಲಲ್ಲಿ ಕರಕರ ಬಂತು. ಸರಿ, ನಾಲ್ಕನ್ನೂ ಮೆತ್ತನೆ ಬಟ್ಟೆಯಿಂದ ಒರೆಸಿ, ಹೊಸದಾಗಿ ಒಂದೊಂದನ್ನೂ ಬೇರೆ ಬೇರೆ ಫೋಲ್ಡರಿಗೆ ಇಳಿಸಿದ. ಒಂದೊಂದರಲ್ಲೂ ಮೊದಲ ಹಾಡು ಕೇಳಿ ತಲೆಯಾಡಿಸಿದ. ಎಲ್ಲ ಸರಿಯಾಗಿತ್ತು. ಇಳಿಸಿ ಮುಗಿದ ಡಿಸ್ಕುಗಳಿಗೆ ದಾರ ಪೋಣಿಸಿ ಬಾಲ್ಕನಿಯಲ್ಲಿ ನೇತುಹಾಕಿದ.

ಅದು ಪಾರಿವಾಳಗಳಿಗೆ. ಬಾಲ್ಕನಿಯಲ್ಲಿ ಅಮ್ಮನ ಹೂವಿನ ಕುಂಡಗಳಿದ್ದವು, ಪಾರಿವಾಳಗಳು ಅವನ್ನು ಕೆದಕಿ ಹಾಳು ಮಾಡುತ್ತಿದ್ದವು. ಮೊದಲಾದರೆ ಅಮ್ಮ ಒಳಗಿನಿಂದಲೇ ಒಂದು ಕೂಗು ಹಾಕಿದರೆ ಸಾಕು, ಹಾರಿಹೋಗುತ್ತಿದ್ದವು. ಈಗ ಉಶ್ ಅನ್ನಲಿಕ್ಕೂ ಅವಳಿಗೆ ದನಿ ಇರಲಿಲ್ಲ; ಕೈ ಬೀಸುತ್ತಾ ಎದ್ದು ಹೋಗಬೇಕಿತ್ತು. ಡಿಸ್ಕು ಗಾಳಿಗೆ ತಿರುಗಿ ಫಳಫಳ ಹೊಳೆದರೆ ಹಕ್ಕಿ ಹತ್ತಿರ ಸುಳಿಯುವುದಿಲ್ಲ ಎಂದು ಅಪ್ಪ ಎಲ್ಲೋ ಓದಿದ್ದ. ಹೆಂಡತಿಯ ಮೇಲಿನ ಪ್ರೀತಿಗೇ ಮಾಡಿದ ಕೆಲಸ. ಅದನ್ನು ನೆನೆದರೆ ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಆಮೇಲೆ ಆ ನಾಲ್ಕು ಫೋಲ್ಡರುಗಳಲ್ಲಿದ್ದದ್ದನ್ನೆಲ್ಲ ಒಂದಾದ ಮೇಲೊಂದರಂತೆ ಅಮ್ಮನ ಹೆಸರಿನ ಒಂದೇ ಫೋಲ್ಡರಿಗೆ ಸಾಗಿಸಿದ. ಒಂದು ಆಲ್ಬಮ್ಮು ಒಂದೇ ಕಡೆ ಇರಬೇಕಲ್ಲ. ಇದೇ ಹೆಸರಿನ ಹಾಡುಗಳು ಇಲ್ಲಿ ಆಗಲೇ ಇವೆ, ಅವನ್ನು ತೆಗೆದು ಹೊಸದನ್ನು ಇಡಲೇ ಎಂದು ಕಂಪ್ಯೂಟರ್ ಕೇಳಿತು. ಪರೀಕ್ಷೆಗೆಂದು ಮೊದಲು ಇಳಿಸಿದ್ದ ಕರಕರದ ಹಾಡುಗಳ ಬಗ್ಗೆ ಕೇಳುತ್ತಿದೆ ಎಂದುಕೊಂಡ. ಎಲ್ಲಕ್ಕೂ ಹೌದು ಎಂದು ಒತ್ತಿದ. ಕೇಳಿದಾಗಲೆಲ್ಲ ಹಾಗೇ ಒತ್ತಿದ. ಖಾಲಿಯಾದ ನಾಲ್ಕು ಫೋಲ್ಡರುಗಳನ್ನು ಅಳಿಸಿ ಚೊಕ್ಕಟ ಮಾಡಿದ.

ಆಮೇಲಿನ ತಿಂಗಳುಗಳೆಲ್ಲ ಅಂಗಡಿಯಿಂದ ತಂದ ಡಿಸ್ಕುಗಳ ಸೇವೆ. ಬಿಸಿಲು ಏರಿತು, ಬಾಲ್ಕನಿಯಲ್ಲಿ ತೋರಣ ಉದ್ದವಾಯಿತು. ಮೂರು ನಾಲ್ಕು ಡಿಸ್ಕಿನ ಆಲ್ಬಮ್ಮುಗಳು ಅಪ್ಪನನ್ನು ಗೋಳುಹೊಯ್ದುಕೊಂಡವು. ಹಾಡಿದವರ ಹೆಸರಿನಲ್ಲಿ ಸ್ವಲ್ಪ ವ್ಯತ್ಯಾಸ ಕಂಡರೆ ಸಾಕು, ಪರದೆಯ ಮೇಲೆ ಒಂದು ಆಲ್ಬಮ್ಮು ನಾಲ್ಕಾಗಿ ಕೂರುತ್ತಿತ್ತು. ಅಪ್ಪ ಹಣೆ ಚಚ್ಚಿಕೊಳ್ಳುತ್ತಿದ್ದ. "ನೋಡಿಲ್ಲಿ, ಅಣ್ಣತಮ್ಮಂದಿರು ಮನೆ ಪಾಲು ಮಾಡ್ಕೊಂಡ್ಬಿಟ್ರು." ಆಲ್ಬಮ್ಮಿಗೆ ಎಲ್ಲ ಕಡೆ ಒಂದೇ ಯಜಮಾನನ ಹೆಸರು ಹಾಕಿ, ಒಂದೊಂದು ಹಾಡಿಗೂ ಇದು ಎಷ್ಟನೆಯ ಡಿಸ್ಕು, ಒಟ್ಟು ಎಷ್ಟು ಡಿಸ್ಕು ಎಂದು ತುಂಬಿದರೆ ಮತ್ತೆ ಕೂಡಿಕೊಳ್ಳುತ್ತವೆ ಎಂದು ಕಲಿತ. ಅಂಗಡಿಯ ಡಿಸ್ಕುಗಳಿಗೆ ಹಾಡಿನ ಹೆಸರುಗಳು ಇಂಟರ್ನೆಟ್ಟಿನಿಂದ ತಾವಾಗಿಯೇ ಬಂದು ಕೂರುತ್ತಿದ್ದವು. ಹೆಸರು ಬೇರೆ ಬೇರೆ ಆದ್ದರಿಂದ ಒಂದರ ಮೇಲೊಂದು ಬೀಳುವ ಪ್ರಶ್ನೆಯೇ ಇರಲಿಲ್ಲ. ಅಮ್ಮನ ಹಾಡು ಜಗತ್ತಿನ ಯಾವ ಪಟ್ಟಿಯಲ್ಲೂ ಇರಲಿಲ್ಲ. ನಾಲ್ಕು ಡಿಸ್ಕಿನಲ್ಲೂ ಅವುಗಳ ಹೆಸರು ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಎಂದಷ್ಟೇ.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಕೆಲಸ ಮುಗಿಯಿತು ಎಂದು ಸಾರಿದ. ಅಮ್ಮ ಬಾಚಣಿಗೆ ಹಿಡಿದು ಕಂಪ್ಯೂಟರಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತಳು. ತಿಂಗಳುಗಟ್ಟಲೆ ಕಾದ ಮುಖ ಅರಳಿತ್ತು.

ಅಪ್ಪ ಮೊದಲ ಹಾಡು ಒತ್ತಿದ. ಒಡೆದ ದನಿ ಬಂತು.

ಅಮ್ಮನ ಕೈ ತಲೆಯ ಮೇಲೆಯೇ ನಿಂತಿತು.

"ಕ್ರಮ ತಪ್ಪಿದೆ ಅಷ್ಟೇ ಕಣೇ. ನಿಂದು ಮೊದಲೇ ಇಳಿಸಿದ್ದಲ್ಲ, ಡಿಸ್ಕ್ ನಂಬರ್ ಹಾಕೋದು ಬಿಟ್ಟುಹೋಗಿದೆ, ಅದಕ್ಕೇ ನಾಲ್ಕನೇದು ಮೇಲೆ ಬಂದಿದೆ" ಎಂದ ಅಪ್ಪ. ಎರಡನೆಯದು ಒತ್ತಿದ, ಐದನೆಯದು ಒತ್ತಿದ, ಕೊನೆಯದು ಒತ್ತಿದ. ಎಲ್ಲವೂ ಒಡೆದ ದನಿಯೇ. "ಉಳಿದ ಮೂರು ಬೇರೆ ಮನೆ ಮಾಡ್ಕೊಂಡಿರ್ತಾವೆ. ಹುಡುಕ್ತೀನಿ ಇರು."

ಹುಡುಕಿದ. ನಾನೂ ಹುಡುಕಿದೆ. ಅಳಿಸಿದ್ದನ್ನು ಹಾಕುವ ಬುಟ್ಟಿಯನ್ನೂ ತೆರೆದು ನೋಡಿದೆ. ಏನೇನು ಒತ್ತಿದೆ ಎಂದು ಅವನನ್ನು ಒಂದೊಂದಾಗಿ ಕೇಳುತ್ತಾ ಬಂದಾಗ, ಆ ಹೌದು ಹೌದು ಎಂದ ಜಾಗಕ್ಕೆ ತಲುಪಿದೆವು. ನಾಲ್ಕು ಡಿಸ್ಕಿನಲ್ಲೂ ಅದೇ ಹೆಸರು, ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು. ಎರಡನೆಯದು ಮೊದಲನೆಯದನ್ನು ಅಳಿಸಿತ್ತು, ಮೂರನೆಯದು ಎರಡನೆಯದನ್ನು. ನಾಲ್ಕನೆಯದೇ ಉದ್ದವಾದ್ದರಿಂದ ಮೂರನೆಯದರ ಬಾಲವನ್ನೂ ಬಿಡದೆ ನುಂಗಿತ್ತು.

"ಡಿಸ್ಕೇ ಇದೆಯಲ್ಲ. ಯಾಕೆ ಗಾಬರಿ? ಮತ್ತೆ ಇಳಿಸಿದ್ರಾಯ್ತು" ಎಂದ ಅಪ್ಪ. ಬಾಲ್ಕನಿಗೆ ಓಡಿದ್ದು ಮಾತ್ರ ನಮ್ಮೆಲ್ಲರಿಗಿಂತ ಮೊದಲು.

ತೋರಣವನ್ನೇ ಕತ್ತರಿಸಿ ತಂದು ನೆಲದ ಮೇಲೆ ಹರಡಿದೆವು. ಹಕ್ಕಿಯ ಹಿಕ್ಕೆ, ಧೂಳು. ನಾನು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಗೀರು ಬೀಳದಂತೆ ತೊಳೆಯುವುದು ನನಗೆ ಬರುತ್ತದೆ. ಒಂದೊಂದನ್ನೇ ತೊಳೆದು, ಒರೆಸಿ, ಹಾಕಿ ನೋಡಿದೆ. ಅಂಗಡಿಯ ಡಿಸ್ಕುಗಳು ಏನೂ ಆಗದವರಂತೆ ಹಾಡಿದವು. ಯಾರು ಯಾರೋ ಹಾಡಿದ್ದೆಲ್ಲ ಉಳಿದಿತ್ತು. ಮಾಮ ತನ್ನ ಕೋಣೆಯಲ್ಲಿ ಮಾಡಿಕೊಟ್ಟ ನಾಲ್ಕನ್ನು ಮಾತ್ರ ಕಂಪ್ಯೂಟರ್ ಗುರುತೇ ಹಿಡಿಯಲಿಲ್ಲ. ತಿರುಗಿಸಿ ನೋಡಿದರೆ ಹಸಿರು ನೀಲಿ ಇದ್ದ ಮೈ ಬಿಸಿಲಿಗೆ ಬಿಳಿಚಿ, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತಿತ್ತು. ಇಂಥ ಡಿಸ್ಕಿನಲ್ಲಿ ಹಾಡು ಕೂತಿರುವುದೇ ಆ ಬಣ್ಣದಲ್ಲಿ.

ಮಾಮನಿಗೆ ಫೋನು ಮಾಡಿದೆ. "ಕೋಣೆ ಮುಚ್ಚಿದಾಗ ಹಳೇದೆಲ್ಲ ಅಳಿಸಿ ಮೆಷೀನು ಕೊಟ್ಬಿಟ್ಟೆ ಕಣಮ್ಮ. ಅಕ್ಕಂದು ಭಾವನ ಹತ್ರ ಇದೆಯಲ್ಲ, ಅವರು ಕಳೆಯೋ ಪೈಕಿ ಅಲ್ಲ ಅಂದ್ಕೊಂಡೆ" ಅಂದ. ನಾನೂ ಹಾಗೇ ಅಂದುಕೊಂಡಿದ್ದೆ. ಎಲ್ಲರೂ ಹಾಗೇ ಅಂದುಕೊಂಡಿದ್ದೆವು.

ಕಂಪ್ಯೂಟರನ್ನು ಹೊತ್ತುಕೊಂಡು, ಅಳಿಸಿದ್ದನ್ನು ತೆಗೆದುಕೊಡುವ ಅಂಗಡಿಗೆ ಹೋದೆ. ಅವನು ಪರದೆ ನೋಡುತ್ತಾ ಕೇಳಿದ: "ಅಳಿಸಿದ್ಮೇಲೆ ಇದ್ರಲ್ಲಿ ಬೇರೆ ಏನಾದ್ರೂ ತುಂಬಿದ್ರಾ ಮೇಡಂ?"

"ಮನೇಲಿದ್ದ ಡಿಸ್ಕೆಲ್ಲ ತುಂಬಿದಾರೆ."

"ಹಾಗಾದ್ರೆ ಕಷ್ಟ. ಆ ಜಾಗದಲ್ಲಿ ಈಗ ಬೇರೆಯವರ ಹಾಡು ಕೂತಿರುತ್ತೆ." ಆದರೂ ಯಂತ್ರ ಇಟ್ಟುಕೊಂಡು ಪ್ರಯತ್ನ ಮಾಡಿದ. ಆಮೇಲೆ ಕರೆದು ವಾಪಸು ಕೊಟ್ಟ. ಒಂದು ತುಣುಕೂ ಸಿಕ್ಕಿರಲಿಲ್ಲ.

ಮನೆಗೆ ಬಂದು ನಾನು ಅಪ್ಪನ ಮೇಲೆ ಬಾಯಿಗೆ ಬಂದಂತೆ ಹರಿಹಾಯ್ದೆ. "ಉಪ್ಪಿನ ಡಬ್ಬಿಗೆ ಚೀಟಿ ಅಂಟಿಸ್ತೀಯ, ಇದಕ್ಕೆ ಒಂದು ಹೆಸರು ಹಾಕೋಕೆ ಏನಾಗಿತ್ತು ನಿಂಗೆ? ಇಷ್ಟು ದಿನ ಕಾಯಿಸಿದ್ದು ಇದಕ್ಕಾ?" ಅಪ್ಪ ತಲೆ ತಗ್ಗಿಸಿ, ಬಿಳಿಚಿದ ಡಿಸ್ಕುಗಳನ್ನು ಒಂದರಿಂದ ನಾಲ್ಕರವರೆಗೆ ಕ್ರಮವಾಗಿ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದ. ಅದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ಇನ್ನೂ ಏನೇನು ಅನ್ನುತ್ತಿದ್ದೆನೋ, ಅಮ್ಮ ಮೇಜಿನ ಮೇಲೆ ಎರಡು ಸಲ ಬಡಿದಳು. ಆಗ ಮನೆಯಲ್ಲಿ ಉಳಿದ ಸದ್ದೆಂದರೆ ಬಾಲ್ಕನಿಯಲ್ಲಿ ಕುಂಡ ಕೆದಕುತ್ತಿದ್ದ ಪಾರಿವಾಳಗಳದು.

ಕೆಲವು ದಿನ ಯಾರೂ ಕಂಪ್ಯೂಟರಿನ ಕಡೆ ಸುಳಿಯಲಿಲ್ಲ. ಅಮ್ಮ ಬೆಳಿಗ್ಗೆ ತಲೆಯನ್ನೂ ಬಾಚಿಕೊಳ್ಳಲಿಲ್ಲ, ನಾನೇ ಹಿಡಿದು ಕೂರಿಸಿ ಬಾಚುತ್ತಿದ್ದೆ. ಮೊದಲ ಡಿಸ್ಕಿನಲ್ಲಿ ಅವಳು ನಗುವ ಬಗೆ ಹೇಗಿತ್ತು ಎಂದು ನೆನಪಿಸಿಕೊಳ್ಳಲು ಹೋದರೆ, ನನಗೆ ಆಗಲೇ ಪೂರ್ತಿ ಬರುತ್ತಿರಲಿಲ್ಲ. ಇಷ್ಟು ಬೇಗ ಮಾಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಮ್ಮನಿಗೂ ಹಾಗೇ ಮಾಸುತ್ತಿದೆಯೇನೋ ಎಂದು ಹೆದರಿಕೆಯಾಯಿತು, ಆದರೆ ಕೇಳುವ ಧೈರ್ಯ ಬರಲಿಲ್ಲ.

ಆಮೇಲೊಂದು ಬೆಳಿಗ್ಗೆ ಅಮ್ಮ ತಾನಾಗಿಯೇ ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಅಪ್ಪನನ್ನು ಕೈ ಸನ್ನೆ ಮಾಡಿ ಕರೆದಳು. ಅವನು ಬಂದು ಅವಳ ಹೆಸರಿನ ಆಲ್ಬಮ್ಮು ತೆರೆದ. ಅದರಲ್ಲಿ ಎರಡು ಜಾಗ ಇನ್ನೂ ಖಾಲಿ ಇದ್ದವು: ಎಷ್ಟನೆಯ ಡಿಸ್ಕು, ಒಟ್ಟು ಎಷ್ಟು ಡಿಸ್ಕು. ಕೆಲಸ ಅರ್ಧಕ್ಕೆ ನಿಂತದ್ದು ಅವನ ಕಣ್ಣಿಗೆ ಬಿತ್ತು.

"ನಾಲ್ಕರಲ್ಲಿ ನಾಲ್ಕನೇದು ಅಂತ ಹಾಕ್ಲೇನೇ?" ಎಂದು ಕೇಳಿದ. "ಇನ್ನೂ ಮೂರು ಇತ್ತು ಅಂತಾದ್ರೂ ನೋಡಿದೋರಿಗೆ ಗೊತ್ತಾಗುತ್ತೆ."

ಅಮ್ಮ ಮೇಜಿನ ಮೇಲೆ ಎರಡು ಸಲ ಬಡಿದಳು. ಕೈಯೆತ್ತಿ ನಾಲ್ಕು ಬೆರಳು ತೋರಿಸಿದಳು. ಆಮೇಲೆ ಒಂದೊಂದಾಗಿ ಮೂರು ಬೆರಳು ಮಡಚಿದಳು. ಒಂದು ಉಳಿಯಿತು.

ಅಪ್ಪನಿಗೆ ಅರ್ಥವಾಗಲಿಲ್ಲ. "ಮೊದಲನೇದಾ? ಅದು ಇಲ್ವಲ್ಲೇ" ಅಂದ.

ಅಮ್ಮ ಆ ಒಂದು ಬೆರಳನ್ನು ಪರದೆಯ ಮೇಲೆ, ಎಷ್ಟನೆಯ ಡಿಸ್ಕು ಎಂಬ ಜಾಗದ ಮೇಲೆ ಇಟ್ಟಳು. ಆಮೇಲೆ ಅದನ್ನೇ ಒಟ್ಟು ಎಷ್ಟು ಎಂಬ ಜಾಗದ ಮೇಲೂ ಇಟ್ಟಳು.

ಅಪ್ಪ ಮೊದಲ ಜಾಗದಲ್ಲಿ ಒಂದು ಎಂದು ಒತ್ತಿದ. ಎರಡನೆಯ ಜಾಗದಲ್ಲಿ ಬೆರಳು ತಡವರಿಸಿತು, ಆಮೇಲೆ ಅಲ್ಲೂ ಒಂದು ಎಂದೇ ಒತ್ತಿದ. ಸೆಟ್ಟು ಪೂರ್ತಿಯಾಯಿತು.

ಅಮ್ಮ ಹಾಡು ಹಾಕು ಎಂದು ಸನ್ನೆ ಮಾಡಿ, ಬಾಚಣಿಗೆ ತೆಗೆದುಕೊಂಡು ಕಿಟಕಿಯ ಪಕ್ಕ ಹೋಗಿ ಕೂತಳು. ಒಡೆದ ದನಿ ಹಾಡತೊಡಗಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದೆ. ಹಾಡು ಮುಗಿಯುವವರೆಗೂ ಅವಳು ತಲೆ ಬಾಚುತ್ತಲೇ ಇದ್ದಳು. ತುಟಿ ಅಲುಗಲಿಲ್ಲ.