ಹನ್ನೊಂದೂ ಇಪ್ಪತ್ತರ ಖಾಲಿ ಜಾಗ

ಸುನಂದಾ ಹುನಗುಂದದಿಂದ ಹತ್ತರ ಬಸ್ಸು ಹಿಡಿದು ಇಳಕಲ್ಲಿನಲ್ಲಿ ಇಳಿಯುವ ಹೊತ್ತಿಗೆ ಊರಿನ ಅರ್ಧ ಕೆಲಸ ಮುಗಿದಿರುತ್ತಿತ್ತು. ಕಾಗದಪತ್ರಗಳಿಗೆ ಬೆಳಗಾಗುವುದೇ ಆ ಹೊತ್ತಿಗೆ. ಗುತ್ತಿಗೆ ಹಿಡಿದ ಸಂಸ್ಥೆಯೊಂದರ ಪರವಾಗಿ, ಊರೊಳಗೆ ಸುಮ್ಮನೆ ಬಿದ್ದಿರುವ ಸರ್ಕಾರಿ ಜಾಗಗಳನ್ನು ಪಟ್ಟಿ ಮಾಡುವುದು ಅವಳ ಕೆಲಸ. ಅಂಥ ಜಾಗವನ್ನು ಖಾಸಗಿ ಕಂಪನಿಗೆ ಮೂವತ್ತು ವರ್ಷ ಬಿಟ್ಟುಕೊಟ್ಟರೆ ಅವರು ಕೆಳಗೆ ಅಂಗಡಿ, ಮೇಲೆ ಮನೆಗಳನ್ನು ಕಟ್ಟುತ್ತಾರೆ. ಬಾಡಿಗೆಯಲ್ಲಿ ಊರಿಗೂ ಪಾಲು ಬರುತ್ತದೆ. ಯೋಜನೆ ಕೆಟ್ಟದ್ದೇನಲ್ಲ.

ನೇಕಾರರ ಓಣಿಯ ಹಿಂದಿನ ಬಯಲಿಗೆ ಅವಳು ಹೋದಾಗ ಹನ್ನೊಂದೂ ಇಪ್ಪತ್ತು. ಒಂದು ನಾಯಿ ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಫಾರ್ಮಿನಲ್ಲಿ ಹೊತ್ತು ಬರೆದು, ಪಕ್ಕದಲ್ಲಿ ‘ಬಳಕೆಯಲ್ಲಿಲ್ಲ’ ಎಂದು ಬರೆದಳು.

ಬರೆಯುವ ಮೊದಲು ಬಯಲಿನ ಎರಡೂ ತುದಿಗೆ ನೆಟ್ಟ ಸವೆದ ಗೂಟಗಳನ್ನು ನೋಡಿದ್ದಳು. ನೆಲದ ಮೇಲೆ ಒಣಗಿದ ಗಂಜಿಯ ಬಿಳಿ ಕಲೆಗಳನ್ನೂ ನೋಡಿದ್ದಳು. ಬೆಳಕು ಹರಿಯುವಾಗ ಇಲ್ಲಿ ಸೀರೆಯ ಹಾಸನ್ನು, ಅಂದರೆ ಮಗ್ಗಕ್ಕೇರುವ ಉದ್ದನೆಯ ಎಳೆಗಳನ್ನು, ಗೂಟದಿಂದ ಗೂಟಕ್ಕೆ ಬಿಗಿದು ಗಂಜಿ ಹಚ್ಚುತ್ತಾರೆ. ಬಿಸಿಲೇರುವುದರೊಳಗೆ ಸುತ್ತಿಕೊಂಡು ಹೋಗುತ್ತಾರೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಅವ್ವ ಇಡೀ ಜನ್ಮ ಅದೇ ಕೆಲಸ ಮಾಡಿದವಳು. ಸಾಲೆಯಲ್ಲಿ ಇವಳ ಮೈ ಹುಳಿಗಂಜಿ ನಾರುತ್ತದೆಂದು ಪಕ್ಕದ ಹುಡುಗಿಯರು ಎದ್ದುಹೋಗುತ್ತಿದ್ದರು. ಆ ವಾಸನೆಯಿಂದ ತಪ್ಪಿಸಿಕೊಂಡು ಬಂದು ಹದಿನೈದು ವರ್ಷವಾಗಿತ್ತು. ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಅವಳಿಗೆ ಬೇಕಿರಲಿಲ್ಲ. ವಾರದಲ್ಲಿ ಮೂವತ್ತು ಜಾಗ ಮುಗಿಸಬೇಕೆಂಬ ನೆಪವೂ ಸಿಕ್ಕಿತ್ತು.

ಎರಡು ತಿಂಗಳ ಮೇಲೆ, ತಕರಾರಿದ್ದವರು ಸಭೆಗೆ ಬಂದು ಹೇಳಬೇಕೆಂಬ ನೋಟಿಸನ್ನು ಅದೇ ಓಣಿಯಲ್ಲಿ ಹಂಚುವ ಕೆಲಸ ಅವಳ ಪಾಲಿಗೇ ಬಂತು. ಗಂಜಿ ಹಚ್ಚಿಯೇ ಜೀವನ ಮಾಡುವ ಮುದುಕಿ ಶಮಶಾದಬಿ ಅವಳನ್ನು ಕೂರಿಸಿ ಚಹಾ ಕೊಟ್ಟಳು. ಯಾರ ಮಗಳೆಂದು ವಿಚಾರಿಸಿ, ಅವ್ವನ ಹೆಸರು ಕೇಳಿ ಅರಳಿದಳು. ಆ ಬಯಲು ಹೋದರೆ ಇಪ್ಪತ್ತು ಮನೆಯವರಿಗೆ ಹಾಸು ಬಿಗಿಯಲು ಬೇರೆ ಜಾಗವಿಲ್ಲ, ತನ್ನ ಕೈಗೆ ಕೆಲಸವಿಲ್ಲ ಎಂದು ಹೇಳಿ, ಕೊನೆಗೆ ಸಮಾಧಾನವನ್ನೂ ತಾನೇ ಮಾಡಿಕೊಂಡಳು.

“ಬಯಲು ಬಳಕಿ ಇಲ್ಲಂತ ಬರದಾವರು ಯಾರೋ ದೂರದ ಊರಾವರ ಇರಬೇಕು. ಅವರಿಗೆ ಹೆಂಗ ಗೊತ್ತಾಗಬೇಕವಾ, ಪಾಪ. ನೀ ನಮ್ಮಾಕಿ. ಸಭಾದಾಗ ನಮ್ಮ ಪರವಾಗಿ ಒಂದು ಮಾತು ಹೇಳು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳಿ ಅನ್ನಲೂ ಇಲ್ಲ, ಪಾಪ ಅಂದರು. ಸುನಂದಾ ಚಹಾವನ್ನು ಅರ್ಧಕ್ಕೇ ಕೆಳಗಿಟ್ಟಳು. ಆಯಿತು ಚಾಚಿ ಎಂದಷ್ಟೇ ಹೇಳಿ ಎದ್ದು ಬಂದಳು. ಒಂದು ವಾರ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಸಭೆಯಲ್ಲಿ ಕಂಪನಿಯ ಮಹಾಂತೇಶ ಸಮಾಧಾನದಿಂದಲೇ ಮಾತಾಡಿದ. ಹೆಂಗಸರಿಗೆ ಶೌಚಾಲಯ, ಸೀರೆ ಮಾರಲು ಮಳಿಗೆಗಳು, ಚರಂಡಿ ಎಲ್ಲ ಆಗುತ್ತದೆಂದ. “ದಿನಕ್ಕ ಮೂರು ತಾಸಿನ ಕೆಲಸಕ್ಕ ಎರಡು ಎಕರೆ ಹಂಗ ಬಿಡಾಕ ಆಗತೈತೇನ್ರಿ? ಅದೂ ಕಾಗದದಾಗ ಬಳಕಿ ಇಲ್ಲಂತ ಐತಿ.” ಕಾಗದದ ಮಾತು ಬಂದೊಡನೆ ಓಣಿಯವರ ದನಿ ಉಡುಗಿತು. ಶಮಶಾದಬಿ ತಿರುಗಿ ಸುನಂದಾಳ ಮುಖ ನೋಡಿದಳು.

ಸುನಂದಾ ಎದ್ದುನಿಂತಳು. ಕೆಲಸ ಹೋಗಬಹುದೆಂದು ಗೊತ್ತಿತ್ತು.

“ಅದನ್ನ ಬರದಾಕಿ ನಾನರಿ. ದೂರದಾಕಿ ಅಲ್ಲ, ಹಾಸಿನ ಎಳಿಗೆ ಗಂಜಿ ಹಚ್ಚಾಕಿ ಮಗಳು. ಗೂಟ ನೋಡಿದ್ದೆ, ಗಂಜಿ ಕಲೆ ನೋಡಿದ್ದೆ. ಗೊತ್ತಿದ್ದೂ ಸುಳ್ಳು ಬರದೆ.”

ಸಭೆ ನಡೆಸುತ್ತಿದ್ದ ಅಧಿಕಾರಿಗಳು ತಮ್ಮತಮ್ಮಲ್ಲೇ ಮಾತಾಡಿ, ಬಯಲಿನಲ್ಲಿ ಹಾಸು ಬಿಗಿಯಲು ಎಷ್ಟು ಜಾಗ ಬೇಕು, ಯಾವ ಹೊತ್ತಿಗೆ ಬೇಕು ಎಂದು ಒಂದು ವಾರದೊಳಗೆ ಮತ್ತೆ ಅಳೆದು ಕೊಡಲು ಅವಳಿಗೇ ಹೇಳಿದರು. ಒಂಬತ್ತರ ಮೇಲೆ ಗಾಡಿ ನಿಲ್ಲಿಸಲು ಸಿಗುವುದಾದರೆ ಬಯಲಿನ ಒಂದು ಪಟ್ಟಿಯಲ್ಲಿ ಏನೂ ಕಟ್ಟದೆ ತೆರೆದು ಬಿಟ್ಟು ನಕ್ಷೆ ಮಾಡಬಹುದು ಎಂದು ಮಹಾಂತೇಶನೂ ಒಪ್ಪಿದ.

ಹೊರಗೆ ಶಮಶಾದಬಿ ಅವಳನ್ನು ನಿಲ್ಲಿಸಿದಳು. “ಅವತ್ತು ಚಹಾ ಕುಡಿವಾಗರ ಹೇಳಬೇಕಿತ್ತು ನೀ,” ಎಂದಳು. ಮುದುಕಿ ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ ಹೇಳಿದಳು: “ನಾಳೆ ಅಳತಿಗೆ ಬರಾಕಿ ಇದ್ರ ಮೊದಲನೇ ಬಸ್ಸಿಗೆ ಬಾ. ಹಾಸಿನ ಆ ತುದಿ ಹಿಡಿಯಾಕ ಒಬ್ಬರು ಕಮ್ಮಿ ಅದಾರ.”

ಮರುದಿನ ಒಂಬತ್ತೂವರೆಯ ಬಸ್ಸಿನಲ್ಲಿ ಸುನಂದಾ ಹುನಗುಂದಕ್ಕೆ ಮರಳಿದಳು. ಹೊಸ ಫಾರ್ಮಿನಲ್ಲಿ ಹೊತ್ತು ಬೆಳಿಗ್ಗೆ ಆರು ಎಂದಿತ್ತು. ಬಸ್ಸು ತುಂಬಿತ್ತು. ಪಕ್ಕದಲ್ಲಿ ಕುಳಿತಾಕೆ ಮೂಗಿಗೆ ಸೆರಗು ಹಿಡಿದು, ಅದೇನು ಹುಳಿ ವಾಸನೆ ಎಂದು ಸುತ್ತ ನೋಡಿದಳು.

“ನನ್ನ ಕೈ ವಾಸನಿರಿ,” ಎಂದಳು ಸುನಂದಾ. “ಗಂಜಿ.”