ರಾಜನ ಹಿತ್ತಲ ಬಾಗಿಲು

ಒಬ್ಬೊಬ್ಬರಿಗೆ ಮೂರೇ ನಿಮಿಷ ಸಿಗುವ, ಸಮಯ ಮುಗಿದವನು ಸೋಲುವ ಚದುರಂಗದಲ್ಲಿ ಗವಿಸಿದ್ದೇಶ್ ಸೋಲುತ್ತಿದ್ದದ್ದು ಹೆಚ್ಚಾಗಿ ಕೊನೆಯ ಹತ್ತು ಸೆಕೆಂಡಿನಲ್ಲಿ. ಅದಕ್ಕೂ ಮೊದಲು ಅವನನ್ನು ಹಿಡಿಯುವವರು ಕಡಿಮೆ. ಮೊದಲ ಹನ್ನೆರಡು ನಡೆಗಳನ್ನು ಅವನು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸುತ್ತಿದ್ದ. ಅವನ ಕುದುರೆಗಳು ಎಲ್ಲಿಂದ ಬಂದು ಎಲ್ಲಿ ಒದೆಯುತ್ತವೆ ಎಂಬುದು ಎದುರಿನವನಿಗೆ ತಿಳಿಯುವ ಹೊತ್ತಿಗೆ ಮಂತ್ರಿ ಹೋಗಿರುತ್ತಿತ್ತು. ಆದರೂ ಗೆದ್ದ ಆಟವನ್ನು ಕೊನೆಯಲ್ಲಿ ಕೈಚೆಲ್ಲುತ್ತಿದ್ದ. ಯಾಕೆ ಎಂದು ಅವನಿಗೇ ಗೊತ್ತಿರಲಿಲ್ಲ.

ಎರಡು ಸಾವಿರದ ಆರನೇ ಇಸವಿ. ಹೂವಿನಹಡಗಲಿಯ ಬಸ್‌ಸ್ಟ್ಯಾಂಡಿನ ಎದುರು, ಬೀಜದಂಗಡಿಯ ಮಹಡಿಯ ಮೇಲೆ ಕನಕರಾಜನ ಇಂಟರ್ನೆಟ್ ಅಂಗಡಿ. ಅಲ್ಲಿದ್ದ ಆರು ಕಂಪ್ಯೂಟರುಗಳಲ್ಲಿ ಐದನೆಯದರ ಮೌಸ್ ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಬೆಳಿಗ್ಗೆ ಸಂಜೆ ಹತ್ತನೇ ಕ್ಲಾಸಿನವರಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದ ಗವಿಸಿದ್ದೇಶ್ ಮಧ್ಯಾಹ್ನ ಎರಡಕ್ಕೆ ಅದರ ಮುಂದೆ ಕೂತರೆ ನಾಲ್ಕಕ್ಕೆ ಏಳುತ್ತಿದ್ದ. ಆಟದ ತಾಣದಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಒಂದು ಅಂಕಿ ಇರುತ್ತದೆ. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ಅವನ ಅಂಕಿ ಎಂಟು ತಿಂಗಳಿನಿಂದ ಸಾವಿರದ ಒಂಬೈನೂರರ ಆಚೀಚೆ ಒದ್ದಾಡುತ್ತಿತ್ತು. ಎರಡು ಸಾವಿರ ಮುಟ್ಟಬೇಕು ಎಂಬುದು ಅವನ ಹಟ. ಬ್ಯಾಂಕಿನ ಪರೀಕ್ಷೆ ಮೂರು ಸಲ ತಪ್ಪಿತ್ತು. ಶಿಫಾರಸು, ಸಂದರ್ಶನ ಯಾವುದೂ ಇಲ್ಲದೆ ತಾನೊಬ್ಬನೇ ಹೋಗಿ ಮುಟ್ಟಬಹುದಾದ ಅಂಕಿ ಜಗತ್ತಿನಲ್ಲಿ ಇದೊಂದೇ ಉಳಿದಿದೆ ಎಂದು ಅವನಿಗೆ ಅನ್ನಿಸುತ್ತಿತ್ತು.

“ಏನ್ ಮೇಷ್ಟ್ರೇ, ಇವತ್ತೂ ರಾಜ ಸತ್ನಾ?” ಕನಕರಾಜ ಕೂತಲ್ಲಿಂದಲೇ ಕೇಳುತ್ತಿದ್ದ.

“ಸತ್ತಿಲ್ಲಲೇ. ಟೈಮ್ ಹೋತು.”

“ಟೈಮ್ ಹೋದ್ಮ್ಯಾಲೆ ಇನ್ನೇನು ಉಳೀತಪಾ! ನಮ್ಮ ಕುರಿಯಾದ್ರೂ ಸಾಯೋ ಮುಂದ ಒಂದು ಸಲ ಒದರ್ತೈತಿ. ನಿನ್ನ ರಾಜ ಅದೂ ಇಲ್ಲ.”

ನಾಲ್ಕಕ್ಕೆ ಅಲ್ಲಿಂದ ಎದ್ದರೆ ಅವನು ನೇರವಾಗಿ ಹೋಗುತ್ತಿದ್ದದ್ದು ನಾಗಲಿಂಗಮ್ಮನ ಮನೆಗೆ. ನಾಗಲಿಂಗಮ್ಮ ಅವನ ಸೋದರತ್ತೆ. ಅವನಿಗೆ ಏಳು ವರ್ಷವಿದ್ದಾಗ ಚದುರಂಗ ಕಲಿಸಿದವಳು. ಅವಳಿಗೆ ಕಲಿಸಿದ್ದು ಅವಳ ಅಪ್ಪ. ಕಾಲು ಮುರಿದುಕೊಂಡು ಒಂದು ಮಳೆಗಾಲ ಪೂರ್ತಿ ಮಲಗಿದ್ದ ಆತನಿಗೆ ಎದುರು ಕೂರಲು ಮಗಳನ್ನು ಬಿಟ್ಟು ಬೇರೆ ಯಾರೂ ಸಿಕ್ಕಿರಲಿಲ್ಲ. ಊರಲ್ಲಿ ನಾಗಲಿಂಗಮ್ಮನ ಹೆಸರಿದ್ದದ್ದು ಮಾತ್ರ ಮಲ್ಲಿಗೆ ಕಟ್ಟುವುದಕ್ಕೆ. ಬೆಳಗಿನ ಬಸ್ಸಿಗೆ ಹೋಗುವ ಮೊಗ್ಗು ಅವಳ ಬೆರಳಿನ ನಡುವೆ ಓಡುವಾಗ ನಾರು ಕಾಣುತ್ತಿರಲಿಲ್ಲ, ಮಾಲೆಯಷ್ಟೇ ಕೆಳಗಿಳಿಯುತ್ತಿತ್ತು. ಹೂವಿನಲ್ಲಿ ಅಷ್ಟು ಚುರುಕಿದ್ದವಳು ಆಟಕ್ಕೆ ಕೂತರೆ ಒಂದು ನಡೆಗೆ ಒಂದು ಎಲೆಯಡಿಕೆ ಮುಗಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವಳ ಬಲಗೈ ಹೋಯಿತು, ಮಾತು ಹೋಯಿತು. ಹೂವಿನ ಬುಟ್ಟಿಗಳು ಬೇರೆ ಮನೆಗಳಿಗೆ ಹೋದವು. ಎಡಗೈಗೆ ಆಟ ಉಳಿಯಿತು. ದಿನಾ ನಾಲ್ಕಕ್ಕೆ ಮಗಳು ಗಂಗಾಂಬಿಕಾ ಪಡಸಾಲೆಯಲ್ಲಿ ಚಾಪೆ ಹಾಸಿ, ದಾರದಲ್ಲಿ ಮನೆ ಹೊಲಿದ ಹಳೆಯ ಬಟ್ಟೆಯನ್ನು ಬಿಡಿಸಿಡುತ್ತಿದ್ದಳು. ಕಾಯಿಗಳು ಮರದವು. ಒಂದು ಆನೆ ಕಳೆದುಹೋಗಿ ಅದರ ಜಾಗದಲ್ಲಿ ಖಾಲಿ ದಾರದ ರೀಲು ನಿಂತಿತ್ತು.

ಅತ್ತೆಯದು ನಾಡ ಆಟ. ಅದರಲ್ಲಿ ಸಿಪಾಯಿ ಮೊದಲ ನಡೆಯಲ್ಲೂ ಒಂದೇ ಮನೆ ಸರಿಯುತ್ತಾನೆ. ರಾಜ, ಆನೆ ಒಟ್ಟಿಗೆ ಸರಿದು ಕೋಟೆ ಕಟ್ಟುವುದಿಲ್ಲ. ಅದರ ಬದಲು, ಶಾ, ಅಂದರೆ ಚೆಕ್, ಬೀಳುವುದಕ್ಕಿಂತ ಮೊದಲು ರಾಜ ಒಂದೇ ಒಂದು ಸಲ ಕುದುರೆಯಂತೆ ಜಿಗಿಯಬಹುದು. ತನ್ನ ಸಿಪಾಯಿಗಳ ತಲೆ ಮೇಲಿಂದ ಹಾರಿ ಇಕ್ಕಟ್ಟಿನಿಂದ ಪಾರಾಗಬಹುದು. ಹಾಗೆ ಜಿಗಿಸುವಾಗಲೆಲ್ಲ ಅತ್ತೆ ಒಂದು ಮಾತು ಹೇಳುತ್ತಿದ್ದಳು: “ಗೌಡ್ರು ಹಿತ್ಲ ಬಾಗ್ಲಾಗ ಹೋದ್ರು!” ಏಳು ವರ್ಷದ ಗವಿಸಿದ್ದೇಶ್ ಪ್ರತಿ ಸಲವೂ ಅದಕ್ಕೆ ನಗುತ್ತಿದ್ದ. ಲಕ್ವ ಹೊಡೆದ ಮೇಲೆ ಅವಳು ಎಡಗೈಯಿಂದ ರಾಜನನ್ನು ಜಿಗಿಸಿ ಅವನ ಮುಖ ನೋಡುವಳು. ಆ ಮಾತನ್ನು ಅವನು ಹೇಳುವನು. ಅವಳ ಬಾಯಿಯ ಒಂದು ಮಗ್ಗುಲು ನಗುವುದು. ದಿನದಲ್ಲಿ ಅವಳು ಯಾರೊಂದಿಗಾದರೂ ಮಾತಾಡಿದಳು ಎನ್ನುವುದಾದರೆ ಅದು ಅಷ್ಟೇ.

ಜನವರಿಯ ಕೊನೆಯಲ್ಲಿ ತೆರೆಯ ಮೇಲೆ ಒಂದು ಸಂದೇಶ ಬಂತು. ಬರೆದವನು ಅವನೊಂದಿಗೆ ಮೇಲಿಂದ ಮೇಲೆ ಆಡುತ್ತಿದ್ದ, ‘ಸಿಗ್ನಲ್‌ಮನ್’ ಎಂಬ ಹೆಸರಿನವನು. ಯಾವುದೋ ಚಳಿ ದೇಶದ ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನಂತೆ. ಅವನು ಬರೆದಿದ್ದ: ‘ನಿನ್ನ ಇನ್ನೂರು ಆಟ ನೋಡಿದೆ. ಕುದುರೆಗಳು ಬಹಳ ಚೆನ್ನಾಗಿವೆ. ಆದರೆ ನಿನ್ನ ರಾಜನ ಮನೆಗೆ ಕಿಟಕಿ ಇಲ್ಲ. ಅವನ ಮುಂದೆ ನಿಂತ ಸಿಪಾಯಿಯನ್ನು ಒಂದು ಹೆಜ್ಜೆ ಸರಿಸಿದ್ದನ್ನು ನಾನು ಕಾಣಲೇ ಇಲ್ಲ. ಯಾರು ಕಲಿಸಿದರು ನಿನಗೆ?’

ಗವಿಸಿದ್ದೇಶ್ ಉತ್ತರ ಟೈಪ್ ಮಾಡಿ ಅಳಿಸಿದ. ತಾನು ಸೋತ ನಲವತ್ತು ಆಟಗಳನ್ನು ಪ್ರಿಂಟ್ ಹಾಕಿಸಿಕೊಂಡು ಮನೆಗೆ ಹೋದ. ಗಣಿತ ತಿದ್ದುವ ಕೆಂಪು ಪೆನ್ನು ಹಿಡಿದು ಒಂದೊಂದನ್ನೇ ನೋಡುತ್ತ ಹೋದಂತೆ ಸಂಗತಿ ತಾನಾಗಿಯೇ ಬಿಚ್ಚಿಕೊಂಡಿತು. ಇಪ್ಪತ್ತಕ್ಕೂ ಹೆಚ್ಚು ಆಟಗಳಲ್ಲಿ ಅವನ ರಾಜ ತನ್ನದೇ ಮೂರು ಸಿಪಾಯಿಗಳ ಹಿಂದೆ ಉಸಿರುಕಟ್ಟಿ ಸತ್ತಿದ್ದ. ಇನ್ನು ಕೆಲವು ಆಟಗಳ ಕೊನೆಯಲ್ಲಿ ಏನಾಗಿತ್ತೆಂಬುದು ಕಾಗದದ ಮೇಲಿರಲಿಲ್ಲ, ಅವನ ಬೆರಳಿಗೆ ನೆನಪಿತ್ತು. ಐದು ಸೆಕೆಂಡು ಉಳಿದಿರುವಾಗ, ಎದುರಾಳಿಯ ಆನೆ ಕೊನೆಯ ಸಾಲಿಗೆ ಇಳಿಯಲು ಹೊಂಚುತ್ತಿರುವಾಗ, ಅವನ ಕೈ ರಾಜನನ್ನು ಎತ್ತಿ ಸಿಪಾಯಿಗಳ ತಲೆ ಮೇಲಿಂದ ಹಾರಿಸುತ್ತಿತ್ತು. ಯಂತ್ರ ಬೈಯುವುದಿಲ್ಲ. ರಾಜನನ್ನು ತಂದು ಮೊದಲಿದ್ದ ಮನೆಯಲ್ಲೇ ಇಟ್ಟುಬಿಡುತ್ತದೆ. ಅಷ್ಟರಲ್ಲಿ ಸಮಯ ಮುಗಿಯುತ್ತದೆ.

ಹೊರಗೆ ಹೋಗಲು ಹಿತ್ತಲ ಬಾಗಿಲು ಇದೆಯೆಂದು ಇಪ್ಪತ್ತು ವರ್ಷದಿಂದ ನಂಬಿದ್ದ ಕೈ ಅದು. ಅದಕ್ಕೇ ಕಿಟಕಿ ತೆಗೆದಿರಲಿಲ್ಲ.

ಮರುದಿನ ಅವನು ಅತ್ತೆಯ ಆಟದ ವಿಷಯ ಬರೆದಾಗ ಸಿಗ್ನಲ್‌ಮನ್ ಸುಲಭದ ದಾರಿ ಹೇಳಿದ: ‘ಕೈ ಮರೆಯಬೇಕಾದರೆ ಆ ಆಟವನ್ನು ನಿಲ್ಲಿಸು. ಸ್ವಲ್ಪ ದಿನ ಸಾಕು.’

ಮಾರನೆಯ ದಿನ ಗವಿಸಿದ್ದೇಶ್ ಅತ್ತೆಯ ಮುಂದೆ ಕೂತು, “ಅತ್ತಿ, ಹತ್ತನೇ ಕ್ಲಾಸಿನವ್ರ ಪರೀಕ್ಷಾ ಬಂತು. ಒಂದು ನಲವತ್ತು ದಿನ ಬರಾಕ ಆಗಂಗಿಲ್ಲ,” ಎಂದ. ಅವಳು ಕಾಯಿಗಳನ್ನು ಜೋಡಿಸುತ್ತಲೇ ಇದ್ದಳು. ರೀಲನ್ನು ಮೂಲೆಯಲ್ಲಿ ನಿಲ್ಲಿಸಿ, ನೆಟ್ಟಗಿದೆಯೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ತಲೆಯಾಡಿಸಿದಳು.

ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಟ್ಯೂಷನ್ ಇದ್ದದ್ದು ಐದೂವರೆಗೆ. ನಾಲ್ಕರಿಂದ ಐದೂವರೆಯವರೆಗೆ ಅವನು ಕನಕರಾಜನ ಅಂಗಡಿಯಲ್ಲೇ ಕೂರತೊಡಗಿದ. ದಿನಾ ನೂರು ಸಲ ಅದೇ ಅಭ್ಯಾಸ: ಕೋಟೆ ಕಟ್ಟು, ಹೊತ್ತು ಸಿಕ್ಕಾಗ ಅಂಚಿನ ಸಿಪಾಯಿಯನ್ನು ಒಂದು ಮನೆ ದೂಡು. ಊಟ ಮಾಡುವಾಗ ತಾಟಿನ ಅಂಚಿನಲ್ಲಿ ಬೆರಳು ಅದನ್ನೇ ಮಾಡುತ್ತಿತ್ತು. ಅತ್ತೆಯ ಓಣಿ ತಪ್ಪಿಸಿ, ತರಕಾರಿ ಸಂತೆಯ ಹಿಂದಿನಿಂದ ಸುತ್ತು ಹಾಕಿ ಮನೆಗೆ ಹೋಗುತ್ತಿದ್ದ.

ಒಂದು ದಿನ ಆ ಸಂತೆಯಲ್ಲೇ ಗಂಗಾಂಬಿಕಾ ಎದುರಾದಳು.

“ಏನೋ ಗವಿ, ದಾರಿ ಮರ್ತಿ? ಪರೀಕ್ಷಾ ಹುಡುಗ್ರು ಬರೀತಾರೋ, ನೀ ಬರೀತಿಯೋ?”

“ಇಲ್ಲವ್ವಾ, ಕೆಲ್ಸ...”

“ಕೆಲ್ಸ ಗೊತ್ತೈತಿ ತಗಾ. ಕನಕರಾಜ ಹೇಳ್ಯಾನ.” ಅವಳು ಬದನೆಕಾಯಿ ಆರಿಸುತ್ತ ದನಿ ತಗ್ಗಿಸಿದಳು. “ಅವ್ವ ಅದಾಳಲ್ಲ, ನಾಕಕ್ಕ ಚಾಪಿ ಹಾಸು ಅಂತ ಕೈ ತೋರಿಸ್ತಾಳ. ಹಾಸ್ತೀನಿ. ಆ ಕಡೀ ಕಾಯಿನೂ ತಾನ ನಡಸ್ತಾಳ. ನೋಡಾಕ ಆಗಲ್ಲಪ ನನಗ.”

“ಇನ್ನ ಹತ್ತು ದಿನ ಅಷ್ಟ.”

“ಹತ್ತು ದಿನದಾಗ ಏನ್ ಸಿಗ್ತದ ನಿನಗ?”

ಅವನಿಗೆ ಹೇಳಲು ಒಂದು ಅಂಕಿಯಿತ್ತು. ಅದನ್ನು ಆ ಬದನೆಕಾಯಿಗಳ ಮುಂದೆ ಇಡುವ ಬದಲು ಅವಳ ಚೀಲ ಹಿಡಿದು ನಿಂತ.

ಅಂಕಿ ಏರುತ್ತಿತ್ತು. ಸಾವಿರದ ಒಂಬೈನೂರ ಐವತ್ತು, ಎಪ್ಪತ್ತೇಳು, ತೊಂಬತ್ತೊಂದು. ಮಾರ್ಚ್ ಎರಡನೇ ವಾರ, ಕರೆಂಟು ಹೋಗಿ ಯುಪಿಎಸ್ ಕೀಂಕೀಂ ಎನ್ನುತ್ತಿದ್ದ ಒಂದು ಮಧ್ಯಾಹ್ನ, ಹೆಸರು ಕೇಳದ ಯಾರದೋ ಎದುರು ಏಳು ಸೆಕೆಂಡು ಉಳಿದಿತ್ತು. ಎದುರಾಳಿಯ ಆನೆ ನಡುವಿನ ಸಾಲಿಗೆ ಬಂತು. ಗವಿಸಿದ್ದೇಶ್ ಯೋಚಿಸಲಿಲ್ಲ. ಅವನ ಕೈ ಅಂಚಿನ ಸಿಪಾಯಿಯನ್ನು ಒಂದು ಮನೆ ಮುಂದೆ ತಳ್ಳಿತು. ಆನೆ ಕೊನೆಯ ಸಾಲಿಗೆ ಇಳಿದು ಶಾ ಎಂದಿತು. ರಾಜ ಆ ಕಿಂಡಿಯಿಂದ ಆರಾಮಾಗಿ ಆಚೆ ನಡೆದ. ಎರಡು ಸೆಕೆಂಡಿನ ನಂತರ ಸಮಯ ಮುಗಿದಿದ್ದು ಎದುರಾಳಿಯದು.

ಎರಡು ಸಾವಿರದ ಮೂರು.

“ಬಂತಾ? ಬಂತೇನ್ಲೇ?” ಕನಕರಾಜ ಕುರ್ಚಿಯಿಂದ ಹಾರಿ ಬಂದ. “ಹೋಗ್ಲಿ ಬಿಡು, ಒಂದು ಪೀಡಾ ಕಳೀತು! ಮಿರ್ಚಿ ತರಿಸ್ಲಾ?” ಅಷ್ಟರಲ್ಲಿ ಯುಪಿಎಸ್ ಸತ್ತು ತೆರೆ ಕಪ್ಪಾಯಿತು. ಕಪ್ಪು ಗಾಜಿನಲ್ಲಿ ಗವಿಸಿದ್ದೇಶನಿಗೆ ತನ್ನ ಮುಖ ಕಂಡಿತು. ಸಂತೋಷ ಆಗುತ್ತಿದೆಯೋ ಇಲ್ಲವೋ ಎಂದು ಅವನು ಸ್ವಲ್ಪ ಹೊತ್ತು ಕಾದ. ಇದನ್ನು ಯಾರಿಗಾದರೂ ಹೇಳಬೇಕು ಎಂದಾಗ ನೆನಪಾದದ್ದು ಒಬ್ಬಳೇ. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಚಾಪೆ ಹಾಸಿತ್ತು. ಅತ್ತೆ ಅವನನ್ನು ಕಂಡು ಅಚ್ಚರಿಪಡಲಿಲ್ಲ, ಮುನಿಯಲೂ ಇಲ್ಲ. ಎಡಗೈಯಿಂದ ಅವನ ಕಡೆಯ ಕಾಯಿಗಳನ್ನೂ ತಾನೇ ಜೋಡಿಸಿಕೊಟ್ಟಳು. ಅವನು “ಅತ್ತಿ, ಎರಡು ಸಾವ್ರ ಮುಟ್ಟಿದೆ,” ಎಂದ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಅವನ ಮೊಣಕಾಲನ್ನು ಎರಡು ಸಲ ತಟ್ಟಿದಳು.

ಆಟ ಶುರುವಾಯಿತು. ಅವಳು ಕೈಯೆತ್ತಿ, ಇಳಿಸಿ, ಮತ್ತೆ ಎತ್ತಿ ಒಂದು ನಡೆ ನಡೆಸುವಳು. ಅವಳ ಕಾಯಿ ನೆಲ ಮುಟ್ಟುವ ಮೊದಲೇ ಅವನದು ನಡೆದಿರುತ್ತಿತ್ತು. ಅವಳು ಯೋಚಿಸುವಾಗ ಅವನ ಕಾಲು ತಾನಾಗಿ ಅಲ್ಲಾಡುತ್ತಿತ್ತು. ಅರ್ಧ ಗಂಟೆಯಲ್ಲಿ ಅವನ ಕುದುರೆಗಳೆರಡೂ ಒಳಗೆ ನುಗ್ಗಿದವು, ಅವಳ ರಾಜನಿಗೆ ದಾರಿ ಮುಚ್ಚತೊಡಗಿತು. ಅತ್ತೆ ಬಹಳ ಹೊತ್ತು ನೋಡಿದಳು. ಆಮೇಲೆ ರಾಜನನ್ನು ನಿಧಾನವಾಗಿ ಎತ್ತಿ, ಸಿಪಾಯಿಯ ತಲೆ ಮೇಲಿಂದ ದಾಟಿಸಿ, ಆಚೆಯ ಮನೆಯಲ್ಲಿಟ್ಟು ಅವನ ಮುಖ ನೋಡಿದಳು.

ಗವಿಸಿದ್ದೇಶನ ಎರಡು ಬೆರಳು ಮುಂದೆ ಬಂದವು. ರಾಜನನ್ನು ಹಿಡಿದು, ತಂದು, ಮೊದಲಿದ್ದ ಮನೆಯಲ್ಲಿ ಇಟ್ಟವು.

“ಆಗಲ್ಲ,” ಎಂದ.

ಹಿತ್ತಲಲ್ಲಿ ಗಂಗಾಂಬಿಕಾ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ಅತ್ತೆಯ ಬಾಯಿ ನಗಲು ಅಣಿಯಾಗಿ ಅರ್ಧಕ್ಕೆ ನಿಂತಿತ್ತು. ಅವನಿಗೆ ತಾನು ಮಾಡಿದ್ದು ಆಗ ತಿಳಿಯಿತು.

“ಅಲ್ಲತ್ತಿ, ಆಗ್ತೈತಿ. ಆಗ್ತೈತಿ. ನನ್ನ ಕೈ ಅದು... ಗೌಡ್ರು ಹಿತ್ಲ ಬಾಗ್ಲಾಗ...” ಎನ್ನುತ್ತ ರಾಜನನ್ನು ಎತ್ತಲು ಹೋದ. ಅವಳು ಅವನ ಕೈಯನ್ನು ಮೆಲ್ಲಗೆ ಸರಿಸಿದಳು. ಇಟ್ಟಲ್ಲೇ ಇರಲಿ ಎಂಬಂತೆ. ಬಟ್ಟೆಯನ್ನು ತುಂಬಾ ಹೊತ್ತು ನೋಡಿ, ಯಾವುದಕ್ಕೂ ಪ್ರಯೋಜನವಿಲ್ಲದ ಒಂದು ಸಿಪಾಯಿಯನ್ನು ನಡೆಸಿದಳು. ಅವನು ಬೇಕೆಂದೇ ಕುದುರೆಯನ್ನು ಹಿಂದೆ ತೆಗೆದ. ಅದು ಅವಳಿಗೆ ಗೊತ್ತಾಯಿತು. ಅವಳು ಆ ಕುದುರೆಯನ್ನು ಅದು ಮುಂಚೆ ನಿಂತಿದ್ದ ಮನೆಗೆ ಮರಳಿಸಿ, ಅಲ್ಲೇ ಆಡು ಎಂದು ಬೆರಳು ತೋರಿಸಿದಳು. ನಾಲ್ಕು ನಡೆಯಲ್ಲಿ ಆಟ ಮುಗಿಯಿತು.

ಮರುದಿನದಿಂದ ಅವನು ಒಂದು ದಿನವೂ ತಪ್ಪಿಸಲಿಲ್ಲ. ಕನಕರಾಜನ ಐದನೇ ಕಂಪ್ಯೂಟರಿನ ಮುಂದೆ ಬೇರೆ ಯಾರೋ ಕೂರತೊಡಗಿದರು. ಅತ್ತೆಯೂ ದಿನಾ ಆಡಿದಳು. ಆದರೆ ಅವಳ ರಾಜ ಮತ್ತೆ ಜಿಗಿಯಲಿಲ್ಲ. ಅವನು ಅವಳಿಗಾಗಿ ಒಂದು ಮನೆಯನ್ನು ಖಾಲಿ ಬಿಟ್ಟು ಕಾಯುತ್ತಿದ್ದ. ಅವಳು ಆ ಮನೆಯನ್ನು ನೋಡಿ, ಅವನನ್ನು ನೋಡಿ, ಬೇರೆ ಕಾಯಿ ನಡೆಸುತ್ತಿದ್ದಳು. ಹಿಂದೆ ಹತ್ತರಲ್ಲಿ ನಾಲ್ಕು ಆಟ ಗೆಲ್ಲುತ್ತಿದ್ದವಳು ಈಗ ಎಲ್ಲ ಸೋಲುತ್ತಿದ್ದಳು. ತನಗೆ ಗೊತ್ತಿಲ್ಲದ ಆಟವನ್ನು ಅವನು ಆಡುವ ಹಾಗೆ ಆಡಲು ಅವಳು ಪ್ರಯತ್ನಿಸುತ್ತಿದ್ದಳು.

ಏಪ್ರಿಲ್ ಕೊನೆಯ ಒಂದು ದಿನ ಅವನಿಗೆ ತಡೆಯಲಾಗಲಿಲ್ಲ. ಇಕ್ಕಟ್ಟು ಏನೂ ಇಲ್ಲದಿದ್ದರೂ ತನ್ನ ರಾಜನನ್ನು ಎತ್ತಿದ. ಕುದುರೆಯಂತೆ ಎಲ್ಲಿಗೆ ಹಾರಿಸಬೇಕು ಎಂದು ಒಂದು ಕ್ಷಣ ಎಣಿಸಬೇಕಾಯಿತು. ಮೊದಲು ಎಣಿಸುತ್ತಿರಲಿಲ್ಲ. ಸಿಪಾಯಿಯನ್ನು ದಾಟಿಸಿ ಇಟ್ಟು, ಗಟ್ಟಿಯಾಗಿ ಹೇಳಿದ:

“ಗೌಡ್ರು ಹಿತ್ಲ ಬಾಗ್ಲಾಗ ಹೋದ್ರು!”

ಒಳಗಿನಿಂದ ಗಂಗಾಂಬಿಕಾ ನಕ್ಕಳು. ನಾಗಲಿಂಗಮ್ಮ ನಗಲಿಲ್ಲ. ಎಡಗೈ ಚಾಚಿ, ಎರಡು ಬೆರಳಿನಲ್ಲಿ ಅವನ ರಾಜನನ್ನು ಹಿಡಿದು, ತಂದು, ಮೊದಲಿದ್ದ ಮನೆಯಲ್ಲಿ ಇಟ್ಟಳು. ಸಿಟ್ಟಿನಿಂದಲ್ಲ. ಕಲಿತ ಪಾಠ ಒಪ್ಪಿಸಿದವಳಂತೆ, ಸರಿಯಾಯಿತೇ ಎಂದು ಅವನ ಮುಖ ನೋಡಿದಳು.

“ಬರೋಬ್ಬರಿ ಐತಿ ಅತ್ತಿ,” ಎಂದ ಗವಿಸಿದ್ದೇಶ್. ಆಮೇಲೆ ಅಂಚಿನ ಸಿಪಾಯಿಯನ್ನು ಒಂದು ಮನೆ ಮುಂದೆ ಸರಿಸಿದ.