ಆಕ್ಷೇಪಣೆ ಇಲ್ಲ

ಆ ರಕ್ಷಣಾ ಅಧ್ಯಯನ ಸಂಸ್ಥೆಯಲ್ಲಿ ಯಾವ ವರದಿಯೂ ಸೀದಾ ರಕ್ಷಣಾ ಸಚಿವಾಲಯಕ್ಕೆ ಹೋಗುವಂತಿರಲಿಲ್ಲ. ಮೊದಲು ಅದನ್ನು ಒಬ್ಬರು ಶತ್ರುವಿನ ಕಣ್ಣಿಂದ ಓದಬೇಕು; ಎಲ್ಲಿ ಹೊಡೆದರೆ ಯೋಜನೆ ಮಕಾಡೆ ಮಲಗುತ್ತದೆ ಎಂದು ಹಳದಿ ಹಾಳೆಯ ಮೇಲೆ ಬರೆದು ಸಹಿ ಹಾಕಬೇಕು. ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದವರಿಗೆ ಕಚೇರಿಯವರು ಇಟ್ಟ ಹೆಸರು ಕೊಕ್ಕೆ ಸರ್. ಅವರ ಕೈಯಿಂದ ಸಲೀಸಾಗಿ ಪಾರಾದ ವರದಿ ಒಂದೂ ಇರಲಿಲ್ಲ. ಪಾಪ, ಹೇಳಿಕೊಳ್ಳಲು ಅವರಿಗಿದ್ದದ್ದು ಅದೊಂದೇ ಹೆಮ್ಮೆ.

ಅವರ ಹೊಟ್ಟೆಕಿಚ್ಚಿಗೆಲ್ಲ ಕಾರಣ ನಿರ್ದೇಶಕಿ. ಆಕೆ ಹೊಸದಾಗಿ ಕೆಲಸಕ್ಕೆ ಸೇರಿದಾಗ ನಕ್ಷೆಯಲ್ಲಿ ಏರು ಯಾವುದು, ಇಳಿಜಾರು ಯಾವುದು ಎಂದು ಬೆರಳಿಟ್ಟು ತೋರಿಸಿಕೊಟ್ಟವರು ಇವರೇ. ನಿರ್ದೇಶಕರ ಕುರ್ಚಿ ಖಾಲಿಯಾದಾಗ ಇವರು ಹೊಸ ಕೋಟು ಹೊಲಿಸಿದರು. ಹೋಗಿ ಕೂತವಳು ಆಕೆ. ಈಗ ಆಕೆ ಸಭೆಗೆ ಬಂದರೆ ಸೇನಾಧಿಕಾರಿಗಳು ಎದ್ದು ನಿಲ್ಲುತ್ತಾರೆ. ಇವರು ಬಂದರೆ, "ಸ್ವಲ್ಪ ಆ ಕಿಟಕಿ ಹಾಕ್ತೀರಾ?" ಅನ್ನುತ್ತಾರೆ.

ಟೀವಿಯಲ್ಲಂತೂ ವಾರಕ್ಕೆರಡು ಸಲ ಆಕೆಯದೇ ಮುಖ.

"ಅವಳನ್ನ ನೋಡಿದ್ರೆ ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡ್ತೀರಲ್ಲ, ಚಾನಲ್ ಬದಲಾಯಿಸ್ಲಾ?" ಎಂದು ಹೆಂಡತಿ ಕೇಳಿದರೆ, "ಬೇಡ, ಇರ್ಲಿ. ಎಲ್ಲಿ ತಪ್ಪು ಮಾತಾಡ್ತಾಳೆ ನೋಡ್ತೀನಿ" ಅನ್ನುತ್ತಿದ್ದರು.

ಕೊನೆಗೂ ತಪ್ಪು ಸಿಕ್ಕಿತು. ಗಡಿಗೆ ಮೂರೇ ದಿನದಲ್ಲಿ ಟ್ಯಾಂಕುಗಳನ್ನು ಸಾಗಿಸುವ ಬಗ್ಗೆ ಆಕೆ ಎರಡು ವರ್ಷ ಕೂತು ಬರೆದ ವರದಿ. ನಲವತ್ತೇಳನೇ ಪುಟದಲ್ಲಿ ಒಂದು ಹಳೆಯ ಸೇತುವೆ. ಅದು ಹೊರುವುದು ನಲವತ್ತು ಟನ್. ಹೊಸ ಟ್ಯಾಂಕಿನ ತೂಕ ಐವತ್ತೆಂಟು. ಆಕೆ ಲೆಕ್ಕ ಹಾಕಿದ್ದು ಹಳೆಯ ಟ್ಯಾಂಕಿನ ತೂಕಕ್ಕೆ! ಕೊಕ್ಕೆ ಸರ್ ಪೆನ್ನೆತ್ತಿದರು, ಇಳಿಸಿದರು. ಮಂತ್ರಿಗಳ ಮುಂದೆ ಯಾರಾದರೂ ಇದನ್ನು ಎತ್ತಿ ಆಡಲಿ, ಆಕೆ ತಬ್ಬಿಬ್ಬಾಗಲಿ, ಅದನ್ನು ನಾನು ಕಣ್ತುಂಬ ನೋಡಬೇಕು ಅನ್ನಿಸಿತು. ಹಳದಿ ಹಾಳೆಯಲ್ಲಿ "ಆಕ್ಷೇಪಣೆ ಇಲ್ಲ" ಎಂದು ಬರೆದು ಸಹಿ ಹಾಕಿಬಿಟ್ಟರು. ಆ ದಿನ ಊಟ ಹೊಟ್ಟೆತುಂಬ ಸೇರಿತು.

ನಾಲ್ಕನೇ ದಿನ ಬೆಳಿಗ್ಗೆ ನಿರ್ದೇಶಕಿ ಕರೆಸಿದಳು. ಮೇಜಿನ ಮೇಲೆ ವರದಿಯ ಮುಖಪುಟ ಅಚ್ಚಾಗಿ ಬಂದಿತ್ತು. ಆಕೆಯ ಹೆಸರಿನ ಮೇಲೆ ಇವರ ಹೆಸರು.

"ಇದೇನು ಮೇಡಂ?"

"ನಿಮ್ಮ ಹಾಳೆಗಳು ಬೈದು ಬೈದೇ ನನ್ನ ಇಲ್ಲಿವರೆಗೂ ತಂದಿದ್ದು, ಸರ್. ಮೊದಲನೇ ಸಲ ಆಕ್ಷೇಪಣೆ ಇಲ್ಲ ಅಂದ್ರಿ. ಮನೆಗೆ ತಗೊಂಡು ಹೋಗಿ ಅಮ್ಮನಿಗೆ ತೋರಿಸ್ದೆ." ಆಕೆ ಮುಖಪುಟವನ್ನು ಅವರತ್ತ ತಿರುಗಿಸಿದಳು. "ಕೊಕ್ಕೆ ಸರ್ ಒಪ್ಪಿದ್ದಾರೆ ಅಂದ್ರೆ ಸಾಕು ಅಂದ್ರು ಸೇನೆಯವರು. ಬರೋ ತಿಂಗಳು ಸಮರಾಭ್ಯಾಸಕ್ಕೆ ಈ ದಾರೀಲೇ ನಿಜವಾದ ಟ್ಯಾಂಕ್ ಓಡಿಸ್ತಾರಂತೆ."

ಕೊಕ್ಕೆ ಸರ್‌ಗೆ ಬೆವರು ಕಿತ್ತುಬಂತು. ಟ್ಯಾಂಕಿನೊಳಗೆ ಹುಡುಗರಿರುತ್ತಾರೆ ಎಂಬುದು ಅವರಿಗೆ ಹೊಳೆದದ್ದೇ ಆಗ.

"ನಲವತ್ತೇಳನೇ ಪುಟ," ಎಂದರು. "ಆ ಸೇತುವೆ ತಡೆಯಲ್ಲ. ಈಗ ತಾನೇ ಹೊಳೀತು."

ಆಕೆ ಪುಟ ತೆರೆದು ಓದಿದಳು. ಮತ್ತೆ ಮೊದಲಿಂದ ಓದಿದಳು. ತಲೆ ಎತ್ತಿದಾಗ ಮುಖದಲ್ಲಿ ನಗು ಇರಲಿಲ್ಲ.

"ಹನ್ನೊಂದು ವರ್ಷದಲ್ಲಿ ನಿಮಗೆ ಯಾವುದೂ ತಡವಾಗಿ ಹೊಳೆದದ್ದನ್ನ ನಾನು ನೋಡಿಲ್ಲ, ಸರ್."

ಇವರು ನೆಲ ನೋಡಿದರು. ಈಗ ಉಗಿಯುತ್ತಾಳೆ, ಕೆಲಸ ತೆಗೆಯುತ್ತಾಳೆ, ಊರಿಗೆಲ್ಲ ಸಾರುತ್ತಾಳೆ ಎಂದು ಕಾದರು. ಆಕೆ ಸೇನಾ ಕಚೇರಿಗೆ ಫೋನ್ ಮಾಡಿ, "ದಾರಿ ಲೆಕ್ಕದಲ್ಲಿ ನನ್ನಿಂದ ತಪ್ಪಾಗಿದೆ, ಅಭ್ಯಾಸ ನಿಲ್ಸಿ. ಕೊಕ್ಕೆ ಸರ್ ಹಿಡಿದುಕೊಟ್ರು" ಎಂದಳು. ಆಮೇಲೆ ಹೊಸ ಹಳದಿ ಹಾಳೆಯೊಂದನ್ನು ಅವರ ಕಡೆ ಸರಿಸಿದಳು.

"ಬರೀರಿ. ಮುಖಪುಟದಲ್ಲಿ ನಿಮ್ಮ ಹೆಸರು ಹಾಗೇ ಇರ್ಲಿ."

ಕೊಕ್ಕೆ ಸರ್ ಪೆನ್ನು ಹಿಡಿದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೂ, ದೇವರೇ, ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯುತ್ತಿತ್ತು: ಈ ದೊಡ್ಡತನವೂ ಇವಳ ಪಾಲಿಗೇ ಹೋಗಬೇಕಿತ್ತೇ?